ಓಟ ಬರಲಿ, ಒಕ್ಕಣೆ ಮುಗಿದ ಮೇಲೆ ಬರಲಿ

ಓದುಗರ ಪತ್ರ:
"ಹೋದ ಸಂಚಿಕೆಯಲ್ಲಿ ಪುಣೆಯ ಸೈಕಲ್ ಓಟದ ಬಗ್ಗೆ ಬರೆದು, ಇಂಥದ್ದು ಮೈಸೂರು-ಮಂಡ್ಯಕ್ಕೂ ಬರಬೇಕು ಅಂತ ಕೊನೆಗೆ ಸೇರಿಸಿದ್ದೀರಿ. ಯಾಕೆ ಬರಬೇಕು? ನಮಗೆ ಬೆಳಿಗ್ಗೆ ಡೈರಿಗೆ ಹಾಲು ಹಾಕಬೇಕು, ಕಬ್ಬಿನ ಗಾಡಿ ಫ್ಯಾಕ್ಟರಿಗೆ ಹೋಗಬೇಕು. ಹತ್ತು ಸೆಕೆಂಡು ಬರ್ರ್ ಅಂತ ಹೋಗೋ ಸೈಕಲ್‌ಗೋಸ್ಕರ ಅರ್ಧ ದಿನ ರಸ್ತೆ ಮುಚ್ಚಿದರೆ ನಮಗೇನು ಲಾಭ? ಡಾಂಬರು ಹಾಕೋದಾದರೆ ನಮಗೆ ಅಂತಲೇ ಹಾಕಲಿ. ಫಾರಿನ್‌ನವರು ಬರ್ತಾರೆ ಅಂತ ಯಾಕೆ ಹಾಕಬೇಕು? ಕೊನೆಗೊಂದು ಮಾತು. ನನ್ನ ಮೊಮ್ಮಗ ದಿನಾ ಸ್ಕೂಲಿಗೆ ಸೈಕಲ್ ತುಳೀತಾನೆ. ಅವನು ಆ ಓಟದಲ್ಲಿ ಇರ್ತಾನಾ?"
ಪಾಂಡವಪುರ ತಾಲ್ಲೂಕಿನ ರೈತರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ. ಓಟ ಬೇಡ ಎಂದು ನೀವು ಬರೆದಿದ್ದೀರಿ. ನನಗೆ ನಿಮ್ಮ ಕಾಗದ ಬೇರೆ ಥರ ಕಾಣಿಸಿತು. ಇಂಥ ಓಟ ತರುವವರು ಎಲ್ಲಕ್ಕಿಂತ ಮೊದಲು ಕೂತು ಬರೆಯಬೇಕಾದ ಪಟ್ಟಿಯನ್ನೇ ನೀವು ಬರೆದು ಕಳಿಸಿದ್ದೀರಿ. ಓಟ ಬರಲಿ ಎಂಬ ನನ್ನ ಮಾತು ಬದಲಾಗಿಲ್ಲ. ಆದರೆ ದಾರಿ ಗುರುತು ಮಾಡುವ ದಿನ ನಿಮ್ಮಂಥವರು ಆ ಸಭೆಯಲ್ಲಿ ಕೂತಿರಬೇಕು. ಅದಿಲ್ಲ ಅಂದ್ರೆ ನಾನೂ ನಿಮ್ಮ ಕಡೆಗೇ ಸೇರುತ್ತೇನೆ.

ಹೋದ ಸಂಚಿಕೆ ನೋಡದವರಿಗೆ ಎರಡು ಮಾತು. 2026ರ ಜನವರಿಯಲ್ಲಿ ಪುಣೆ ಸುತ್ತಮುತ್ತ ಐದು ದಿನ, ಸುಮಾರು 437 ಕಿ.ಮೀ. ಓಟ ನಡೆಯಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಲೆಕ್ಕದಲ್ಲಿ ಅದು 2.2 ದರ್ಜೆ. ಫ್ರಾನ್ಸ್ ದೇಶದ ಹೆಸರಾಂತ ಸೈಕಲ್ ಓಟ ಟೂರ್ ಡಿ ಫ್ರಾನ್ಸ್‌ಗೆ ಹೋಲಿಸಿದರೆ ಎಷ್ಟೋ ಮೆಟ್ಟಿಲು ಕೆಳಗಿನದು. ಟೂರ್ ಅಂದರೆ 21 ಹಂತ (ದಿನಕ್ಕೊಂದು ಹಂತ), 3,000 ಕಿ.ಮೀ.ಗೂ ಜಾಸ್ತಿ ದೂರ, ನಡುವೆ ಎರಡು ದಿನ ಬಿಡುವು. ಅದು ಮಂಡ್ಯಕ್ಕೆ ಬರುತ್ತದೆ ಅಂತ ಯಾರೂ ಹೇಳುತ್ತಿಲ್ಲ. ಪುಣೆಗೆ ಬಂದಂಥದ್ದು ಬರಬಹುದು, ಅಷ್ಟೇ.

ಅಂದಹಾಗೆ, ಆ ಟೂರ್ ಡಿ ಫ್ರಾನ್ಸ್ ಶುರುವಾಗಿದ್ದೇ ಒಂದು ಪತ್ರಿಕೆಯ ಪ್ರಸಾರ ಹೆಚ್ಚಿಸೋಕೆ. 1903ರಲ್ಲಿ ಲೋಟೋ ಎಂಬ ಕ್ರೀಡಾ ಪತ್ರಿಕೆಯ ಸಂಪಾದಕ ಹೆನ್ರಿ ಡೆಗ್ರಾಂಜ್ ಇದನ್ನು ನಡೆಸಿದರು. ಹೊರಟವರು 60 ಜನ, ಕೊನೆ ಮುಟ್ಟಿದವರು 21. ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಒಟ್ಟು ಸಮಯದ ಲೆಕ್ಕದಲ್ಲಿ ಮುಂದಿರುವ ಸವಾರನಿಗೆ 1919ರಿಂದ ಹಳದಿ ಅಂಗಿ ತೊಡಿಸುವ ರೂಢಿ ಬಂತು. ಸಂಪಾದಕರೊಬ್ಬರು ಓಟ ಬೇಕು ಅಂದಾಗ ನೀವು ಅನುಮಾನ ಪಟ್ಟಿದ್ದರಲ್ಲಿ ತಪ್ಪೇನಿಲ್ಲ, ಬಿಡಿ. ನಮ್ಮ ಪತ್ರಿಕೆಗೆ ಸದ್ಯಕ್ಕೆ ಅಂಗಿ ಹೊಲಿಸುವ ತಾಕತ್ತೂ ಇಲ್ಲ.

ಈಗ ಹತ್ತು ಸೆಕೆಂಡಿನ ಮಾತಿಗೆ ಬರೋಣ. ಸಮತಟ್ಟು ರಸ್ತೆಯಲ್ಲಿ ನಿಂತರೆ ನೀವು ಹೇಳಿದ್ದು ಅಕ್ಷರಶಃ ಸರಿ. ಸವಾರರು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುತ್ತಾರೆ. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ಅದರ ಹೊಡೆತ ತಪ್ಪುತ್ತದೆ. ದೊಡ್ಡ ಗುಂಪಿನ ನಡುವೆ ಇರುವವನಿಗೆ, ಒಂಟಿಯಾಗಿ ತುಳಿಯುವಾಗ ಎದುರಾಗುವ ಗಾಳಿಯಲ್ಲಿ ಹತ್ತನೇ ಒಂದು ಪಾಲು ಎದುರಾದರೆ ಹೆಚ್ಚು. ಅದಕ್ಕೇ ನೂರೈವತ್ತು ಜನ ಇದ್ದರೂ ಒಂದೇ ಗುಂಪಾಗಿ ಬಂದು ಒಂದೇ ಗುಂಪಾಗಿ ಮಾಯವಾಗುತ್ತಾರೆ. ಕಣ್ಣಿಗೆ ಬಣ್ಣ ಕಾಣುತ್ತದೆ, ಕಿವಿಗೆ ಚೈನಿನ ಸದ್ದು ಕೇಳುತ್ತದೆ, ಮುಗೀತು.

ಆದರೆ ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಹತ್ತುವ ರಸ್ತೆಯಲ್ಲಿ ನಿಂತು ನೋಡಿ. ಏರು ಬಂದ ಕೂಡಲೇ ಗಾಳಿಯ ಲೆಕ್ಕ ಹಿಂದೆ ಸರಿಯುತ್ತದೆ, ಮೈ ತೂಕದ ಲೆಕ್ಕ ಶುರುವಾಗುತ್ತದೆ. ಗುಂಪು ಒಡೆಯುತ್ತದೆ. ಮೊದಲು ಇಬ್ಬರು, ಆಮೇಲೆ ಐದಾರು ಜನ, ಆಮೇಲೆ ಒಬ್ಬೊಬ್ಬರೇ ಬರುತ್ತಾರೆ. ಕೈಗೆಟಕುವಷ್ಟು ಹತ್ತಿರದಲ್ಲಿ ಹೋಗುವುದರಿಂದ ಮುಖ ಸರಿಯಾಗಿ ಕಾಣುತ್ತದೆ. ಅಂಗಿಯ ಜಿಪ್ಪು ಹೊಟ್ಟೆಯವರೆಗೆ ಬಿಚ್ಚಿರುತ್ತದೆ, ಮೂಗಿನ ತುದಿಯಿಂದ ಬೆವರು ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತಿರುತ್ತದೆ, ತುಟಿಯ ಎರಡೂ ಬದಿ ಉಪ್ಪುಗಟ್ಟಿರುತ್ತದೆ. ಕೊನೆಯವನು ಏದುಸಿರು ಬಿಡುತ್ತಾ ಬರುವ ಹೊತ್ತಿಗೆ ಮುಂದಿನವನು ಯಾವಾಗಲೋ ದಾಟಿರುತ್ತಾನೆ. ಅವನ ಹಿಂದೆ, ಕೈಚೆಲ್ಲಿದವರನ್ನು ಹತ್ತಿಸಿಕೊಳ್ಳುವ ವ್ಯಾನು. ಚಾಮುಂಡಿ ಬೆಟ್ಟವೂ ಅಂಥದ್ದೇ ಜಾಗ. ಊರಿನಿಂದ ಸುಮಾರು 300 ಮೀಟರ್ ಏರು. ದಿನಾ ಬೆಳಿಗ್ಗೆ ಮೈಸೂರಿನ ಸೈಕಲ್ ಹುಡುಗರು ಅಲ್ಲೇ ಬೆವರು ಸುರಿಸುತ್ತಾರೆ. ಇನ್ನು ಕಾಯುವ ವಿಷಯ. ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆಯಿಂದ ಕಡ್ಲೆಕಾಯಿ ತಿಂತಾ ಕೂತು, ಅಂಬಾರಿ ಆನೆ ಮುಂದೆ ಹಾದುಹೋದದ್ದು ಎಷ್ಟು ಸೆಕೆಂಡು ಅಂತ ನಾವು ಯಾವತ್ತಾದರೂ ಲೆಕ್ಕ ಹಾಕಿದ್ದೇವಾ?

ಅರ್ಧ ದಿನ ರಸ್ತೆ ಬಂದ್ ಆಗುವುದು ನಿಜವಾದ ಸಮಸ್ಯೆ. ಟೂರ್‌ನಲ್ಲಿ ಗಂಟೆಗಟ್ಟಲೆ ಮುಚ್ಚುತ್ತಾರೆ. ಅದಕ್ಕೆ ಸೈಕಲ್ಲಿನಷ್ಟೇ ಜಾಹೀರಾತೂ ಕಾರಣ. 1930ರಿಂದ ಸವಾರರಿಗಿಂತ ಮುಂಚೆ ಕಂಪನಿಗಳ ಗಾಡಿಗಳ ದೊಡ್ಡ ಮೆರವಣಿಗೆ ಹೋಗುತ್ತದೆ, ಜನರತ್ತ ಟೋಪಿ, ಬಿಸ್ಕತ್ತು ಎಸೆಯುತ್ತಾ. ಸಣ್ಣ ಓಟಗಳಿಗೆ ಈ ಗದ್ದಲ ಬೇಕಿಲ್ಲ. ಎಷ್ಟೋ ಕಡೆ ಮುಂದೆ ಪೊಲೀಸ್ ಬೈಕು, ಹಿಂದೆ ಕೊನೆಯ ಗಾಡಿ. ಇವೆರಡರ ನಡುವಿನ ರಸ್ತೆ ಮಾತ್ರ ಬಂದ್, ಹಿಂದಿನದು ಹಿಂದೆಯೇ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಅಷ್ಟರಲ್ಲೇ ಆಗುತ್ತದೆ ಅಂತ ಹೇಳಿದರೆ ನೀವು ನಗುತ್ತೀರಿ. ನಾಯಿ, ಎಮ್ಮೆ, ಅಡ್ಡರಸ್ತೆಯಿಂದ ನುಗ್ಗುವ ಬೈಕು, ಎಲ್ಲವನ್ನೂ ತಡೆಯಬೇಕು. ಎರಡು ಗಂಟೆಯಾದರೂ ಬೇಕು. ಹಾಲಿಗೆ ತೊಂದರೆ ಆಗಬೇಕಿಲ್ಲ. ಬೆಳಗಿನ ಹಾಲು ಡೈರಿ ಸೇರಿದ ಮೇಲೆ ಶುರುಮಾಡಿ, ಸಂಜೆ ಕರೆಯುವ ಹೊತ್ತಿಗೆ ಮುಗಿಸಬಹುದು. ಕಬ್ಬಿನದು ಹಾಗಲ್ಲ. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಇಳಿಯುತ್ತದೆ, ಪೆಟ್ಟು ನಿಮ್ಮ ಜೇಬಿಗೆ. ಆ ದಾರಿಯ ಊರುಗಳಿಗೆ ಹಿಂದಿನ ದಿನವೂ ಆ ದಿನವೂ ಕಟಾವಿಗೆ ಪರ್ಮಿಟ್ ಕೊಡದೆ, ಮುಂದೆ ಅದನ್ನು ತುಂಬಿಕೊಡುವಂತೆ ಫ್ಯಾಕ್ಟರಿಗಳ ಜೊತೆ ಮೊದಲೇ ಮಾತಾಡಬೇಕು. ಒಂದು ಫೋನಿನಲ್ಲಿ ಮುಗಿಯುವ ಕೆಲಸ ಅಲ್ಲ, ಆದರೆ ಆಗದ ಕೆಲಸವೂ ಅಲ್ಲ.

ರೈತರು ಬೇಡ ಅಂದರೆ ಏನಾಗುತ್ತದೆ ಎಂಬುದು ಫ್ರಾನ್ಸ್‌ನವರಿಗೆ ಚೆನ್ನಾಗಿ ಗೊತ್ತು. ರಸ್ತೆ ತಡೆಯುವ ವಿಷಯದಲ್ಲಿ ಮಂಡ್ಯದವರಿಗೆ ಯಾರೂ ಪಾಠ ಹೇಳಬೇಕಿಲ್ಲ, ಅಲ್ವಾ? ಅಲ್ಲಿಯವರೂ ಕಡಿಮೆ ಇಲ್ಲ. 2018ರ ಜುಲೈಯಲ್ಲಿ ರೈತರು ಒಣಹುಲ್ಲಿನ ಪೆಂಡಿಗಳನ್ನು ಟೂರ್ ದಾರಿಗೆ ಅಡ್ಡ ಹಾಕಿದರು. ಪೊಲೀಸರು ಅವರ ಮೇಲೆ ಸಿಂಪಡಿಸಿದ ಖಾರದ ಅನಿಲ ಸವಾರರ ಕಣ್ಣಿಗೂ ಹೋಯಿತು. ಓಟ ಕಾಲು ಗಂಟೆ ನಿಂತಿತು, ಸವಾರರು ರಸ್ತೆ ಬದಿಯಲ್ಲಿ ನಿಂತು ಕಣ್ಣು ತೊಳೆದುಕೊಂಡರು. ಅದೇ ದೇಶದ ರೈತರು ಹೆಲಿಕಾಪ್ಟರ್ ಕ್ಯಾಮೆರಾಗೆ ಕಾಣಲಿ ಅಂತ ಹೊಲದಲ್ಲಿ ಟ್ರ್ಯಾಕ್ಟರುಗಳನ್ನು ಸುತ್ತ ನಿಲ್ಲಿಸಿ ಸೈಕಲ್ ಚಕ್ರ ಬರೆಯುವುದೂ ಉಂಟು. ಎರಡೂ ಅವರದೇ ಹಕ್ಕು.

ನನಗೆ ಇನ್ನೂ ಮುಖ್ಯ ಅನ್ನಿಸಿದ್ದು 2025ರ ಸಂಗತಿ. ಆಲ್ಪ್ಸ್ ಬೆಟ್ಟಗಳ 19ನೇ ಹಂತದ ದಾರಿಯಲ್ಲಿ, ಕೋಲ್ ದೆ ಸೇಸಿ ಎಂಬ ಘಾಟಿಯ ಹತ್ತಿರ, ಒಂದು ಮಂದೆಗೆ ಚರ್ಮಗಂಟು ರೋಗ ಕಾಣಿಸಿತು. 2022ರಲ್ಲಿ ನಮ್ಮ ಕೊಟ್ಟಿಗೆಗಳಿಗೂ ಬಂದು ಕಣ್ಣೀರು ಹಾಕಿಸಿದ ಅದೇ ರೋಗ. ಅಲ್ಲಿಯ ನಿಯಮದಂತೆ ಆ ದನಗಳನ್ನು ಕೊಲ್ಲಬೇಕಾಯಿತು. ಆಗ ಟೂರ್‌ನವರು ಆ ಘಾಟಿಯನ್ನೇ ಬಿಟ್ಟರು. 130 ಕಿ.ಮೀ. ಆಸುಪಾಸಿನ ಹಂತ 95ಕ್ಕೆ ಇಳಿಯಿತು. ಕಾರಣ ಹೇಳುವಾಗ ರೈತರ ಸಂಕಟವನ್ನೂ ಹೇಳಿದರು. ಕೋಟ್ಯಂತರ ಜನ ಟಿವಿ ಮುಂದೆ ಕೂತ ಓಟ ಒಂದು ಮಂದೆಗೋಸ್ಕರ ದಾರಿ ಬಿಟ್ಟುಕೊಟ್ಟಿತು. ನಿಮ್ಮ ಕಬ್ಬಿನ ಗಾಡಿಗೂ ಅಷ್ಟು ಮರ್ಯಾದೆ ಕೇಳುವುದು ಅತಿಯಾಸೆ ಅಲ್ಲ.

ನೀವು ಬರೆಯದ ಒಂದು ತೊಡಕನ್ನು ನಾನೇ ಸೇರಿಸುತ್ತೇನೆ. ಪುಣೆಯವರು ಜನವರಿ ಆರಿಸಿಕೊಂಡರು, ಆಗ ಬಿಸಿಲು ಕಡಿಮೆ. ಜನವರಿಯಲ್ಲಿ ನಮ್ಮ ಹಳ್ಳಿ ರಸ್ತೆ ರಸ್ತೆಯಾಗಿ ಇರುತ್ತದಾ? ರಾಗಿ, ಹುರುಳಿ ಹರಡಿರುತ್ತಾರೆ, ಬಸ್ಸು-ಲಾರಿ ಅದರ ಮೇಲೆ ಓಡಿ ಒಕ್ಕಣೆ ಮಾಡಿಕೊಡುತ್ತವೆ. ಕಾರಿನ ಕೆಳಗೆ ಹುರುಳಿ ಬಳ್ಳಿ ಸುತ್ತಿಕೊಂಡು ಹೊಗೆ ಬಂದದ್ದನ್ನು ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಓಟದ ಸೈಕಲ್ ಟೈರು ಎರಡು ಬೆರಳು ಅಗಲ ಇರುತ್ತದೆ ಅಷ್ಟೇ, ಮೈಮೇಲೆ ಗುಬಟೂ ಇರುವುದಿಲ್ಲ. ಅದು ಹುರುಳಿ ಕಾಳಿನ ಮೇಲೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ತಿರುವು ತೆಗೆದುಕೊಂಡರೆ ಹಲ್ಲು ಉಳಿಯುವುದಿಲ್ಲ. ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಅಂತ ಕಾನೂನು ಹೇಳುವುದು ಸುಲಭ. ಕಣ ಎಲ್ಲಿದೆ ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ಓಟ ಬರುವುದಾದರೆ ಸಂಕ್ರಾಂತಿ ದಾಟಿ, ಒಕ್ಕಣೆ ಮುಗಿದು, ಬಿಸಿಲು ಏರುವ ಮುಂಚೆ, ಫೆಬ್ರವರಿಯಲ್ಲಿ ಬರಲಿ. ಅಥವಾ ಪ್ರತಿ ಹೋಬಳಿಗೂ ಒಂದು ಕಣ ಕಟ್ಟಿಕೊಟ್ಟು ಜನವರಿಯಲ್ಲೇ ಬರಲಿ. ಎರಡನೆಯದನ್ನು ನೀವು ಗಟ್ಟಿಯಾಗಿ ಕೇಳಿ.

ಡಾಂಬರಿನ ಮಾತಿಗೆ ನನ್ನ ಹತ್ತಿರ ನಿಮಗೆ ಹಿಡಿಸುವ ಉತ್ತರ ಇಲ್ಲ. ನಮಗೆ ಅಂತಲೇ ಹಾಕಲಿ ಎಂದಿರಿ. ಹಾಕಬೇಕು. ಆದರೆ ಪುಣೆಯಲ್ಲೂ ಓಟದ ಹೆಸರಿನಲ್ಲೇ ಹಳ್ಳಿ ಕಡೆಯ ರಸ್ತೆಗಳಿಗೆ ಹೊಸ ಡಾಂಬರು ಬಿತ್ತು. ಓಟ ಐದು ದಿನಕ್ಕೆ ಮುಗಿಯಿತು, ರಸ್ತೆ ಅಲ್ಲೇ ಇದೆ. ಇಲ್ಲಿ ನನಗೆ ಬೇಕಾಗಿರುವುದು ಡಾಂಬರಿಗಿಂತ ಹೆಚ್ಚಾಗಿ ತಪಾಸಣೆ. ಇಂಥ ಓಟಕ್ಕೆ ದಾರಿ ನೋಡಲು ಬರುವವರು ಒಂದೊಂದು ತಿರುವು, ಒಂದೊಂದು ಹಂಪ್ಸು, ಒಂದೊಂದು ಮೋರಿಯನ್ನು ಬರೆದುಕೊಳ್ಳುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ತಡೆಗೋಡೆ ಇಲ್ಲದ ರಸ್ತೆ ಸಿಕ್ಕರೆ ಅವರು ಅಲ್ಲಿಗೇ ಕಾರು ನಿಲ್ಲಿಸುತ್ತಾರೆ. 2018ರ ನವೆಂಬರ್ 24ರಂದು ನಿಮ್ಮದೇ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅಂಥ ರಸ್ತೆಗಳಿಗೆ ಗೋಡೆ ಬರಲು ಸೈಕಲ್ ಓಟ ಬೇಕಾ ಅಂತ ನೀವು ಕೇಳಿದರೆ, ಬೇಕಾಗಬಾರದು. ಆದರೆ ಯಾವ ನೆಪದಲ್ಲಿ ಬಂದರೂ ಗೋಡೆ ಗೋಡೆಯೇ. ನಾನು ಆ ನೆಪವನ್ನು ಬಿಟ್ಟುಕೊಡಲು ತಯಾರಿಲ್ಲ.

ಇನ್ನು ಲಾಭ. ಇದನ್ನು ನಾನು ಜಾಸ್ತಿ ಹೊಗಳುವುದಿಲ್ಲ. 2014ರಲ್ಲಿ ಟೂರ್ ಇಂಗ್ಲೆಂಡಿನ ಯಾರ್ಕ್‌ಶೈರ್‌ನಿಂದ ಹೊರಟಿತು. ಹಳ್ಳಿಗಳಲ್ಲಿ ಹಳೇ ಸೈಕಲ್ಲುಗಳಿಗೆ ಹಳದಿ ಬಣ್ಣ ಬಳಿದು ಗೋಡೆಗೆ ಒರಗಿಸಿದರು, ಕುರಿಗಳಿಗೂ ಬಣ್ಣ ಹಚ್ಚಿದರು, ಲಕ್ಷಾಂತರ ಜನ ಸೇರಿದರು. ಮರುವರ್ಷದಿಂದ ಅವರದೇ ಒಂದು ಓಟವೂ ಶುರುವಾಯಿತು. ಅದು 2019ರ ನಂತರ ನಡೆಯಲಿಲ್ಲ. ಇದೆಲ್ಲವನ್ನೂ ಕರೆತಂದ ಪ್ರವಾಸೋದ್ಯಮ ಸಂಸ್ಥೆ 2022ರಲ್ಲಿ ಮುಚ್ಚಿತು. 2019ರಲ್ಲಿ ಅಲ್ಲೇ ಹ್ಯಾರೊಗೇಟ್ ಪಟ್ಟಣದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಮಳೆ ಹೊಡೆದು, ಊರ ನಡುವಿನ ಹುಲ್ಲುಹಾಸು ಕೆಸರುಗದ್ದೆಯಾಯಿತು. ಹೋಟೆಲಿನವರಿಗೆ ವ್ಯಾಪಾರ ಆಗುತ್ತದೆ, ಮದ್ದೂರಿನಲ್ಲಿ ನಾಲ್ಕು ವಡೆ ಜಾಸ್ತಿ ಖರ್ಚಾಗುತ್ತದೆ, ಮೇಲುಕೋಟೆಯಲ್ಲಿ ಪುಳಿಯೋಗರೆ ಮಧ್ಯಾಹ್ನಕ್ಕೇ ಖಾಲಿ. ಅದಕ್ಕಿಂತ ದೊಡ್ಡ ಮಾತು ಹೇಳುವವರು ಬಂದರೆ ಲೆಕ್ಕ ಕೇಳಿ.

ಆದರೂ ಯಾಕೆ ಬರಲಿ ಅನ್ನುತ್ತೇನೆ? ನಮ್ಮ ಕಡೆ ಸೈಕಲ್ ತುಳಿಯುವವನಿಗೆ ರಸ್ತೆಯಲ್ಲಿ ಜಾಗ ಕಡಿಮೆಯಾಗುತ್ತಾ ಬಂದಿದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಕೋವಿಡ್ ಬಂದ ಮೇಲೆ ಅದು ನಿಂತಿತು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್ಲುಗಳೊಂದಿಗೆ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆ ಬಂತು, ಮೊದಮೊದಲು ಜನ ಮುಗಿಬಿದ್ದರು. ಇಡೀ ಸೀಮೆಯಲ್ಲಿ ಒಳ್ಳೆಯ ಡಾಂಬರು ಇರುವ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗೇ ಪ್ರವೇಶ ಇಲ್ಲ. ಸೈಕಲ್ಲಿನ ಮಾತೇ ಬೇಡ, ಸರ್ವಿಸ್ ರಸ್ತೆಯೇ ಗತಿ. ಒಂದು ದಿನದ ಮಟ್ಟಿಗಾದರೂ ಡಿಸಿ, ಎಸ್‌ಪಿ ಎಲ್ಲ ಸೇರಿ ಸೈಕಲ್ಲಿಗಾಗಿ ರಸ್ತೆ ಖಾಲಿ ಮಾಡಿಸಿ, ಕಾರಿನವರು ಅಡ್ಡರಸ್ತೆಯಲ್ಲಿ ಕಾಯುವುದನ್ನು ನೋಡುವ ಆಸೆ ನನಗಿದೆ. ಇದು ಸ್ವಲ್ಪ ಸೇಡಿನ ಮಾತು, ಇರಲಿ.

ಕೊನೆಗೆ ನಿಮ್ಮ ಮೊಮ್ಮಗ. ಈ ವರ್ಷ, ಮುಂದಿನ ವರ್ಷ ಅವನು ಆ ಓಟದಲ್ಲಿ ಇರುವುದಿಲ್ಲ. ಇಂಥ ಓಟಕ್ಕೆ 19 ತುಂಬುವ ವರ್ಷವಾದರೂ ಆಗಬೇಕು. 17-18ರವರಿಗೆ ಜೂನಿಯರ್ ಓಟಗಳೇ ಬೇರೆ ಇವೆ. ಆದರೆ 2.2 ದರ್ಜೆಯ ಓಟಕ್ಕೆ ದೊಡ್ಡ ಕಂಪನಿ ತಂಡಗಳೇ ಆಗಬೇಕು ಅಂತಿಲ್ಲ. ದೇಶದ ತಂಡ, ಪ್ರಾದೇಶಿಕ ತಂಡ, ಕ್ಲಬ್ ತಂಡಗಳಿಗೂ ಅವಕಾಶ ಇದೆ. ಟೂರ್‌ಗೆ ಹೋಗುವ ದಾರಿಗಿಂತ ಇದು ಎಷ್ಟೋ ಹತ್ತಿರ. ನಮ್ಮ ರಾಜ್ಯದಲ್ಲಿ ಸೈಕಲ್ ಓಟಗಾರರು ಹೆಚ್ಚಾಗಿ ಬರುವುದು ವಿಜಯಪುರ, ಬಾಗಲಕೋಟೆ ಕಡೆಯಿಂದ. ಅವರಲ್ಲಿ ಬಹಳಷ್ಟು ಜನ ರೈತರ ಮನೆಯ ಮಕ್ಕಳು. ವಿಜಯಪುರದಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಹಾಸ್ಟೆಲ್ ಇದೆ. ಹುಡುಗನಿಗೆ ಆಸೆ ಇದ್ದರೆ ಮಂಡ್ಯದ ಕ್ರೀಡಾ ಇಲಾಖೆ ಕಚೇರಿಗೆ ಹೋಗಿ, ಆಯ್ಕೆ ಯಾವಾಗ ಅಂತ ವಿಚಾರಿಸಿ.

ಅದಕ್ಕೂ ಮುಂಚೆ ಅವನ ಸೈಕಲ್ಲಿನ ಸೀಟು ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಚೂರೇ ಬಾಗಿರಬೇಕು. ನಮ್ಮ ಹುಡುಗರು ಸೀಟನ್ನು ತೀರಾ ತಗ್ಗಿಸಿ ತುಳಿಯುತ್ತಾರೆ. ಕಾಲಿನ ಬಲ ಅರ್ಧ ದಂಡ, ಮೇಲೆ ಮಂಡಿ ನೋವು ಬೇರೆ. ಸ್ಪ್ಯಾನರ್ ಹಿಡಿದು ಹತ್ತು ನಿಮಿಷದ ಕೆಲಸ, ಈ ಭಾನುವಾರವೇ ಮಾಡಿಬಿಡಿ.

ಸಂಪಾದಕ