ಬೆರಳು ಜೋಮು ಹಿಡಿದದ್ದನ್ನು ಡಾಕ್ಟರಿಗೆ ಹೇಳಲೇ ಬೇಡವೇ?

ಪ್ರಶ್ನೆ: ನನಗೆ 49 ವರ್ಷ. ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಎರಡು ವರ್ಷ ಚೆನ್ನಾಗಿದ್ದೆ. ಆಮೇಲೆ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧದ ಟ್ರಯಲ್‌ಗೆ ಸೇರಿದ್ದೇನೆ. ಕೀಮೋ ಜೊತೆ ಹೊಸ ಔಷಧ, 21 ದಿನಕ್ಕೊಮ್ಮೆ. ನಾಲ್ಕು ಸುತ್ತು ಮುಗಿದಿದೆ, ಗಡ್ಡೆ ಸಣ್ಣದಾಗಿದೆ ಎಂದರು. ಆದರೆ ಮೂರನೇ ಸುತ್ತಿನ ನಂತರ ಬೆರಳ ತುದಿಗಳು ಜೋಮು ಹಿಡಿದಿವೆ. ಮಲ್ಲಿಗೆ ಕಟ್ಟುವಾಗ ಮೊಗ್ಗು ಕೈಯಲ್ಲಿದೆಯೋ ಜಾರಿತೋ ಗೊತ್ತಾಗುವುದಿಲ್ಲ. ದಿನಕ್ಕೊಂದು ಅಟ್ಟೆ (ನಾಲ್ಕು ಚೆಂಡು) ಕಟ್ಟುತ್ತಿದ್ದವಳು ಈಗ ಒಂದು ಚೆಂಡು ಮುಗಿಸಲು ಒದ್ದಾಡುತ್ತೇನೆ. ಆಸ್ಪತ್ರೆಯಲ್ಲಿ ಕೇಳಿದಾಗಲೆಲ್ಲ "ಏನೂ ಇಲ್ಲ" ಎಂದಿದ್ದೇನೆ. ಹೇಳಿದರೆ ಟ್ರಯಲ್‌ನಿಂದ ತೆಗೆದುಹಾಕುತ್ತಾರೆ, ಅಷ್ಟು ದುಬಾರಿ ಔಷಧ ನಾವು ಎಲ್ಲಿಂದ ತರುವುದು ಎಂದು ನಮ್ಮ ಯಜಮಾನರು ಹೆದರುತ್ತಾರೆ. ದುಬೈಯಲ್ಲಿರುವ ಮಗನೂ ಹಾಗೆಯೇ ಹೇಳುತ್ತಾನೆ. ನಾದಿನಿ ತಂದುಕೊಟ್ಟ ಕಷಾಯವನ್ನೂ ಕುಡಿಯುತ್ತಿದ್ದೇನೆ, ಅದೂ ಡಾಕ್ಟರಿಗೆ ಗೊತ್ತಿಲ್ಲ. ಕೆಲವು ದಿನ ಎಲ್ಲ ಬಿಟ್ಟುಬಿಡೋಣ ಅನಿಸುತ್ತದೆ. ಆದರೆ ಡಾಕ್ಟರು ತುಂಬ ಒಳ್ಳೆಯವರು, ಅವರ ಮುಖ ನೋಡಿ ಹೇಗೆ ಹೇಳಲಿ?

ಉತ್ತರ: ಅಕ್ಕಾ, ಐದನೇ ಸುತ್ತಿನವರೆಗೆ ಕಾಯಬೇಡಿ. ಇದನ್ನು ಓದಿದ ದಿನವೇ ಟ್ರಯಲ್ ಕೋಆರ್ಡಿನೇಟರ್‌ಗೆ ಫೋನ್ ಮಾಡಿ ಬೆರಳಿನ ವಿಷಯ ಹೇಳಿ. ಕಷಾಯದ ವಿಷಯವನ್ನೂ ಹೇಳಿ.

ಸ್ತನ ಕ್ಯಾನ್ಸರ್‌ಗೆ ಕೊಡುವ ಕೆಲವು ಕೀಮೋ ಔಷಧಗಳು ನರದ ತುದಿಗಳಿಗೆ ಪೆಟ್ಟು ಕೊಡುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನ ಔಷಧಗಳಲ್ಲಿ ಇದು ಬಹಳ ಜನಕ್ಕೆ ಆಗುತ್ತದೆ. ಉದ್ದದ ನರಗಳಿಗೆ ಮೊದಲು ತಾಗುವುದರಿಂದ ಕಾಲ್ಬೆರಳು, ಕೈಬೆರಳುಗಳಲ್ಲೇ ಶುರು. ಆಂಕಾಲಜಿ ವಿಭಾಗದಲ್ಲಿ ದಿನಾ ಕೇಳುವ ದೂರು ಇದು, ನೀವು ಹೇಳಿದರೆ ಯಾರೂ ಬೆಚ್ಚಿಬೀಳುವುದಿಲ್ಲ. ಅವರು ಇದನ್ನು ಗ್ರೇಡ್ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಬರೀ ಜುಮ್ಮೆಂದರೆ ಒಂದನೇ ಗ್ರೇಡ್. ಅಡುಗೆ, ಮನೆಗೆಲಸಕ್ಕೆ ಅಡ್ಡಿಯಾದರೆ ಎರಡು. ಬಟ್ಟೆ ಹಾಕಿಕೊಳ್ಳಲು, ಉಣ್ಣಲು ಇನ್ನೊಬ್ಬರು ಬೇಕಾದರೆ ಮೂರು. ಮಲ್ಲಿಗೆ ಕಟ್ಟಲು ಆಗುತ್ತಿಲ್ಲ ಎಂದು ನೀವು ಬರೆದಿದ್ದೀರಲ್ಲ, ಆ ಮಾತನ್ನು ಹಾಗೆಯೇ ಹೇಳಿ. "ಸ್ವಲ್ಪ ಜೋಮು" ಎಂದರೆ ಅವರಿಗೆ ಗ್ರೇಡ್ ತಿಳಿಯುವುದಿಲ್ಲ. ಮೊದಲು ಒಂದು ಅಟ್ಟೆ, ಈಗ ಒಂದು ಚೆಂಡಿಗೂ ಕಷ್ಟ ಎಂದರೆ ನಮ್ಮ ಕಡೆಯ ನರ್ಸ್‌ಗೆ ತಕ್ಷಣ ಅರ್ಥವಾಗುತ್ತದೆ. ರವಿಕೆಯ ಹುಕ್ ಹಾಕಲು ಬರುತ್ತದೆಯೇ, ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುತ್ತದೆಯೇ ನೋಡಿಕೊಂಡು ಅದನ್ನೂ ಹೇಳಿ. ತುಳುವಿನಲ್ಲೇ ಸಲೀಸಾದರೆ ತುಳುವಿನಲ್ಲೇ ಹೇಳಿ. ಅಲ್ಲಿಯವರೆಗೆ ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸುಟ್ಟದ್ದೇ ತಿಳಿಯದೆ ಹೋಗಬಹುದು.

ಬೇಗ ಹೇಳಿದರೆ ಕೀಮೋ ಪ್ರಮಾಣ ಇಳಿಸಬಹುದು, ಒಂದೆರಡು ವಾರ ಮುಂದೂಡಬಹುದು. ಆಗ ನರಗಳು ತಿಂಗಳುಗಟ್ಟಲೆ ತಗೊಂಡಾದರೂ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಮುಚ್ಚಿಟ್ಟು ಅದೇ ಪ್ರಮಾಣದಲ್ಲಿ ಮುಂದುವರಿಸಿದರೆ ಜೋಮು ಶಾಶ್ವತವಾಗಿ ಉಳಿಯಬಹುದು. ನಿಮ್ಮ ಜೀವನೋಪಾಯ ಇರುವುದೇ ಆ ಬೆರಳುಗಳಲ್ಲಿ ಅಕ್ಕಾ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ತೆಗೆದುಹಾಕುವ ಭಯ. ಯಾವ ಅಡ್ಡಪರಿಣಾಮ ಯಾವ ಗ್ರೇಡ್‌ಗೆ ಬಂದರೆ ಏನು ಮಾಡಬೇಕು ಎಂಬುದು ಟ್ರಯಲ್‌ನ ಪ್ರೋಟೊಕಾಲ್‌ನಲ್ಲಿ (ಟ್ರಯಲ್ ನಡೆಸುವ ನಿಯಮಗಳ ಕಡತದಲ್ಲಿ) ಮೊದಲೇ ಬರೆದಿರುತ್ತದೆ. ಅದು ಡಾಕ್ಟರ ಸಿಟ್ಟು, ಕರುಣೆಗಳ ಮೇಲೆ ನಿಂತದ್ದಲ್ಲ. ಸಾಮಾನ್ಯವಾಗಿ ಮೊದಲ ಹೆಜ್ಜೆ ತಡೆಹಿಡಿಯುವುದು, ಪ್ರಮಾಣ ಇಳಿಸುವುದು. ಜೋಮಿಗೆ ಕಾರಣ ಜೊತೆಗಿರುವ ಕೀಮೋ ಆಗಿದ್ದರೆ ಅದನ್ನು ಮಾತ್ರ ಕಡಿಮೆ ಮಾಡಿ ಹೊಸ ಔಷಧ ಮುಂದುವರಿಸಲು ಅನೇಕ ಟ್ರಯಲ್‌ಗಳಲ್ಲಿ ಅವಕಾಶ ಇರುತ್ತದೆ. ನಿಲ್ಲಿಸಲೇಬೇಕಾದ ಸಂದರ್ಭವೂ ಬರಬಹುದು, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಆದರೆ ಟ್ರಯಲ್ ನಿಂತರೆ ಚಿಕಿತ್ಸೆಯೇ ನಿಂತಂತಲ್ಲ. ಕ್ಯಾನ್ಸರ್‌ಗೆ ಇರುವ ಮಾಮೂಲಿ ಚಿಕಿತ್ಸೆ ನಿಮಗೆ ಸಿಗಲೇಬೇಕು. ಟ್ರಯಲ್‌ನಿಂದ ಆದ ಹಾನಿಗೆ ಉಚಿತ ಚಿಕಿತ್ಸೆ ಕೊಡಬೇಕೆಂದು ಕೇಂದ್ರ ಸರ್ಕಾರದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳೇ ಹೇಳುತ್ತವೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಹೊಸ ದುಬಾರಿ ಔಷಧಗಳೆಲ್ಲ ಅದರಲ್ಲಿ ಬರುವುದಿಲ್ಲ, ಆದರೂ ಕೈ ಖಾಲಿ ಎಂದು ಹೆದರಬೇಕಾಗಿಲ್ಲ. ಎಪಿಎಲ್ ಆದರೆ ಸೌಲಭ್ಯ ಕಡಿಮೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು, ನಿಮ್ಮನ್ನು ತಪ್ಪಿತಸ್ಥೆ ಮಾಡಲು ಅಲ್ಲ. ನಿಮ್ಮ "ಏನೂ ಇಲ್ಲ" ಎಂಬ ಉತ್ತರ ಕಡತಕ್ಕೆ ಹೋಗುತ್ತದೆ. ಅಂಥ ಉತ್ತರಗಳನ್ನೆಲ್ಲ ಕೂಡಿಸಿಯೇ ಈ ಪ್ರಮಾಣ ಸುರಕ್ಷಿತವೇ ಎಂದು ತೀರ್ಮಾನಿಸುತ್ತಾರೆ. ನಾಳೆ ಅದೇ ಔಷಧ ಬೀಡಿ ಕಟ್ಟುವ ಇನ್ನೊಬ್ಬಳು ಹೆಂಗಸಿಗೆ ಬರುತ್ತದೆ. ಅವಳ ಬೆರಳಿನ ಬಗ್ಗೆ ಎಚ್ಚರಿಸಬಲ್ಲವರು ಇವತ್ತು ನೀವೇ.

ಕಷಾಯದ ವಿಷಯದಲ್ಲಿ ನಿಮ್ಮ ಯಜಮಾನರು ಯೋಚಿಸದ ಒಂದು ಅಪಾಯವಿದೆ. ಪ್ರತಿ ಸುತ್ತಿಗೆ ಮೊದಲು ರಕ್ತದಲ್ಲಿ ಲಿವರ್ ಪರೀಕ್ಷೆ ಮಾಡುತ್ತಾರೆ. ಅಮೃತಬಳ್ಳಿಯಂಥ ನಮ್ಮ ಹಿತ್ತಿಲ ಗಿಡಮೂಲಿಕೆಗಳಿಂದಲೂ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದು ವೈದ್ಯರ ದಾಖಲೆಗಳಲ್ಲಿದೆ. ನಿಮ್ಮ ಲಿವರ್ ಅಂಕೆ ಏರಿದರೆ, ಕಷಾಯ ಗೊತ್ತಿಲ್ಲದ ಡಾಕ್ಟರು ಹೊಸ ಔಷಧವನ್ನೇ ಶಂಕಿಸುತ್ತಾರೆ, ಅದನ್ನೇ ನಿಲ್ಲಿಸುತ್ತಾರೆ. ಯಾವುದಕ್ಕೆ ಹೆದರಿ ಬೆರಳಿನ ವಿಷಯ ಮುಚ್ಚಿಟ್ಟಿರೋ ಅದು ಕಷಾಯದಿಂದಲೇ ಆಗಿಬಿಡಬಹುದು. ನಾದಿನಿಯ ಪ್ರೀತಿಯನ್ನು ನೋಯಿಸಬೇಡಿ. ಡಾಕ್ಟರು ನೋಡಿ ಹೇಳುವವರೆಗೆ ಕುಡಿಯುವಂತಿಲ್ಲ ಎನ್ನಿ. ಗಂಜಿ, ತಂಬುಳಿ ಮಾಡಿಕೊಡಲು ಹೇಳಿ. ಕೀಮೋ ಮರುದಿನಗಳಲ್ಲಿ ಬೇರೇನೂ ಸೇರದಾಗ ಅದೇ ದೊಡ್ಡ ಉಪಕಾರ.

ಡಾಕ್ಟರು ಒಳ್ಳೆಯವರು ಎಂದಿರಿ. ಹಾಗಿದ್ದರೆ ಅವರಿಗೆ ನಿಮ್ಮ ಸತ್ಯ ಬೇಕು. ನೀವು ಸಹಿ ಹಾಕಿದ ಒಪ್ಪಿಗೆ ಪತ್ರದ ಪ್ರತಿ ಮನೆಯಲ್ಲಿರಬೇಕು. ಇಲ್ಲವಾದರೆ ಕೇಳಿ ಪಡೆಯಿರಿ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡುವುದು ಅವರ ಕರ್ತವ್ಯ. ಯಾವ ಹಂತದಲ್ಲಾದರೂ ಕಾರಣ ಕೊಡದೆ ಹೊರಬರಬಹುದು, ಮುಂದಿನ ಚಿಕಿತ್ಸೆಗೆ ಅದರಿಂದ ತೊಂದರೆಯಾಗದು ಎಂದು ಅದರಲ್ಲಿರುತ್ತದೆ. ಟ್ರಯಲ್‌ಗೆ ಸೇರಿದವರ ಹಿತ ಕಾಯುವ ಎಥಿಕ್ಸ್ ಸಮಿತಿಯ ಫೋನ್ ನಂಬರೂ ಇರುತ್ತದೆ. ಡಾಕ್ಟರೊಡನೆ ಹೇಳಲಾಗದ್ದನ್ನು ಅಲ್ಲಿ ಹೇಳಬಹುದು. ಬಿಡುವ ಹಕ್ಕು ನಿಮ್ಮದು, ಗಂಡನದಲ್ಲ, ಮಗನದೂ ಅಲ್ಲ. ನನ್ನನ್ನು ಕೇಳಿದರೆ, ಗಡ್ಡೆ ಸಣ್ಣದಾಗುತ್ತಿರುವಾಗ ಬಿಡುವ ತೀರ್ಮಾನವನ್ನು ಸುಸ್ತಿನ ದಿನ ಮಾಡಬೇಡಿ. ಪ್ರಮಾಣ ಇಳಿಸಿದ ಮೇಲೆ ಒಂದು ಸುತ್ತು ಹೇಗಿರುತ್ತದೆ ನೋಡಿ. ಆಗಲೂ ಸಾಕು ಅನಿಸಿದರೆ ಸಾಕು ಎನ್ನಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಕೀಮೋ ಆದ ಎರಡನೇ ವಾರ ಬಿಳಿ ರಕ್ತಕಣಗಳ ಕೌಂಟ್ ಕೆಳಗಿರುತ್ತದೆ, ಸೋಂಕು ಬೇಗ ತಗಲುತ್ತದೆ. ಆ ದಿನಗಳಲ್ಲಿ ಮಲ್ಲಿಗೆ ಗಿಡದ ಬುಡಕ್ಕೆ ಗೊಬ್ಬರ ಹಾಕುವ ಕೆಲಸ ಬೇರೆಯವರಿಗೆ ಬಿಡಿ. ಜ್ವರ 100.4 ಮುಟ್ಟಿದರೆ ಮಳೆಗಾಲದ ಜ್ವರ ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಹೊಸದಾಗಿ ಕೆಮ್ಮು, ಉಬ್ಬಸ, ಬಿಡದ ಭೇದಿ ಬಂದರೂ ಅಷ್ಟೇ.

ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮನ್ನು ಕಳೆದುಕೊಳ್ಳುವ ಹೆದರಿಕೆ ಅವರ ಬಾಯಲ್ಲಿ ಹಾಗೆ ಬಂದಿದೆ. ಈ ಸಲ ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಬೇಡಿ, ಡಾಕ್ಟರ ಕೋಣೆಯೊಳಗೆ ಕರೆದುಕೊಂಡು ಹೋಗಿ. "ಜೋಮಿಗೆ ಏನು ಮಾಡುತ್ತೀರಿ, ಟ್ರಯಲ್ ನಿಂತರೆ ಮುಂದೇನು" ಎಂಬ ಎರಡು ಪ್ರಶ್ನೆಗಳನ್ನು ಅವರೇ ಕೇಳಲಿ. ಮಗನಿಗೆ ಉತ್ತರವನ್ನೂ ಅವರೇ ಫೋನಿನಲ್ಲಿ ಹೇಳಲಿ.