ಸಣ್ಣ ಪೋಕರ್ ಟೂರ್ನಮೆಂಟ್‌ನಲ್ಲಿ ಶುರುವಿಗೆ ಯಾವ ಎಲೆ ಆಡಬೇಕು?

ಒಂಬತ್ತು ಜನರ ಆಟದಲ್ಲಿ ಮೊದಲ ಅರ್ಧ ಗಂಟೆಗೇ ಔಟ್ ಆಗ್ತೀನಿ, ಯಾವ ಎಲೆ ಆಡಬೇಕು, ಯಾವುದು ಬಿಸಾಕಬೇಕು ಅಂತ ಕೇಳಿದ್ದೀರಿ. ನಾನೂ ಹಾಗೇ ಔಟ್ ಆಗುತ್ತಿದ್ದವನೇ.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಗೆಳೆಯನ ಮನೆಯಲ್ಲಿ ಶನಿವಾರ ರಾತ್ರಿ ಟೆಕ್ಸಾಸ್ ಹೋಲ್ಡೆಮ್ ಆಡುತ್ತೇವೆ. ಕೈಯಲ್ಲಿ ತಲಾ ಎರಡು ಎಲೆ, ನಡುವೆ ಬಿಚ್ಚುವ ಐದು ಎಲೆ ಎಲ್ಲರಿಗೂ ಸೇರಿದ್ದು; ಅದರಲ್ಲಿ ಮೊದಲು ಒಟ್ಟಿಗೆ ಬಿಚ್ಚುವ ಮೂರೇ ಫ್ಲಾಪ್. ತಲಾ 20 ಡಾಲರ್, 1500 ಚಿಪ್ಸ್, ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಹಾಕಲೇಬೇಕಾದ ಚಿಪ್ಸ್, ಹೊತ್ತು ಹೋದಂತೆ ಏರುತ್ತದೆ) 10-20ರಿಂದ ಶುರು. ಮೊದಲ ಮೂವರಿಗೆ 90, 54, 36 ಡಾಲರ್. ಒಂದು ದಿನ ಮೂರನೇ ಕೈಗೇ ನನಗೆ ಎಕ್ಕ-ಗುಲಾಮ ಬಂತು. ಒಬ್ಬರು 60ಕ್ಕೆ ಏರಿಸಿದರು, ನಾನೂ ಹಾಕಿದೆ. ಫ್ಲಾಪ್‌ನಲ್ಲಿ ಎಕ್ಕ, ಎಂಟು, ನಾಲ್ಕು. ನನ್ನ ಖುಷಿ ಕೇಳಬೇಡಿ! ಅವರು ಹಾಕುತ್ತಾ ಹೋದರು, ನಾನು ಅಷ್ಟೇ ಹಾಕಿ ಕಾಲ್ ಮಾಡುತ್ತಾ ಹೋದೆ. ಕೊನೆಗೆ ಅವರು ತಿರುಗಿಸಿದ್ದು ಎಕ್ಕ-ರಾಣಿ. ಇಬ್ಬರಿಗೂ ಎಕ್ಕದ ಜೋಡಿ, ಆದರೆ ನನ್ನ ಗುಲಾಮನಿಗಿಂತ ಅವರ ರಾಣಿ ದೊಡ್ಡದು. ಆಮೇಲೆ ಎರಡು ಗಂಟೆ ಉಳಿದವರಿಗೆ ಟೀ ಮಾಡಿಕೊಟ್ಟುಕೊಂಡು ಕೂತೆ.

ಎಕ್ಕ-ಗುಲಾಮ, ರಾಜ-ರಾಣಿಯಂಥ ಎಲೆಗಳ ಕಥೆಯೇ ಇದು. ನಿಮಗೆ ಎಕ್ಕ ಕೂಡಿದಾಗ ಏನೂ ಇಲ್ಲದವರು ಎಲೆ ಬಿಡುತ್ತಾರೆ, ಸಿಗುವುದು ಚಿಲ್ಲರೆ. ಕೊನೆತನಕ ದುಡ್ಡು ಹಾಕುವವರ ಹತ್ತಿರ ಜಾಸ್ತಿ ಸಲ ನಿಮಗಿಂತ ಒಳ್ಳೆ ಎಲೆಯೇ ಇರುತ್ತದೆ. ಅದಕ್ಕೇ ಮೊದಲ ಸುತ್ತುಗಳಲ್ಲಿ ಯಾರಾದರೂ ಏರಿಸಿದ ಮೇಲೆ ನಾನು ಇವನ್ನು ಸುಮ್ನೆ ಬಿಟ್ಟುಬಿಡುತ್ತೇನೆ.

ಇನ್ನೊಂದು ಲೆಕ್ಕ ನೋಡಿ. ಮೇಜಿನ ಮೇಲಿನ 13,500 ಚಿಪ್ಸ್ ಪೂರ್ತಿ ಬಾಚಿಕೊಂಡವರಿಗೂ ಸಿಗುವುದು 180 ಡಾಲರ್‌ನ ಅರ್ಧ ಮಾತ್ರ. ಅಂದರೆ ಚಿಪ್ಸ್ ಎರಡರಷ್ಟಾದರೆ ನಿಮ್ಮ ಪಾಲಿನ ದುಡ್ಡು ಎರಡರಷ್ಟಾಗುವುದಿಲ್ಲ. 1500 ಹೋದರೆ ಮಾತ್ರ ಎಲ್ಲ ಹೋಯಿತು, ಅಲ್ವಾ?

ಹಾಗಂತ ಬರೀ ಎಕ್ಕದ ಜೋಡಿಗೆ ಕಾದರೆ ಬೆಳಗಾಗುತ್ತದೆ. ಅದು ಸರಾಸರಿ 221 ಕೈಗೆ ಒಮ್ಮೆ ಬರುವುದು. ಎಕ್ಕ, ರಾಜ, ರಾಣಿಯ ಜೋಡಿ, ಎಕ್ಕ-ರಾಜ, ಎಲ್ಲ ಸೇರಿಸಿದರೂ 39ಕ್ಕೆ ಒಮ್ಮೆ. ಇವು ಬಂದರೆ ನಾಚಿಕೆ ಬೇಡ, ಏರಿಸಿ.

ಎರಡರಿಂದ ಒಂಬತ್ತರವರೆಗಿನ ಸಣ್ಣ ಜೋಡಿ ನನಗೆ ಶುರುವಿನಲ್ಲಿ ತುಂಬಾ ಇಷ್ಟ. ಫ್ಲಾಪ್‌ನಲ್ಲಿ ಅದೇ ಎಲೆ ಮೂರನೆಯದು ಸಿಗುವುದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. 60 ಕೊಟ್ಟು ನೋಡಿ. ಸಿಕ್ಕರೆ ಎದುರಿನವರ 1500ಕ್ಕೂ ಕೈಹಾಕಬಹುದು, ಸಿಗದಿದ್ದರೆ ಎರಡನೇ ಯೋಚನೆಯಿಲ್ಲದೆ ಬಿಸಾಕಿ. ಬ್ಲೈಂಡ್ 50-100 ಆಗಿ, ನೋಡುವುದಕ್ಕೇ 250 ಕೊಡಬೇಕಾದಾಗ ಈ ಆಟ ಗಿಟ್ಟುವುದಿಲ್ಲ.

ಮೂರೆಲೆ ಆಡಿ ಬೆಳೆದ ನಮ್ಮವರಿಗೆ ಕಲರ್ ಕಂಡರೆ ಒಂದು ಮೋಹ. ರಾಜ-ನಾಲ್ಕು ಎರಡೂ ಆಟೀನು ಅಂತ ಚಿಪ್ಸ್ ಹಾಕಬೇಡಿ. ಫ್ಲಾಪ್‌ನಲ್ಲೇ ಫ್ಲಶ್, ಅಂದರೆ ಐದೂ ಒಂದೇ ಜಾತಿಯ ಎಲೆ, ಕೂಡುವುದು ಹೆಚ್ಚುಕಡಿಮೆ 118 ಸಲಕ್ಕೆ ಒಮ್ಮೆ.

ಡೀಲರ್ ಜಾಗದಲ್ಲಿ (ಫ್ಲಾಪ್ ಆದಮೇಲೆ ಕೊನೆಗೆ ಆಡುವ ಜಾಗ) ಕೂತು, ನಿಮಗಿಂತ ಮುಂಚೆ ಆಡಬೇಕಾದವರೆಲ್ಲ ಎಲೆ ಬಿಟ್ಟಿದ್ದರೆ ಸ್ವಲ್ಪ ಸಡಿಲ ಬಿಟ್ಟು ಕಮ್ಮಿ ಎಲೆಗೂ ಆಡಬಹುದು. ಇನ್ನು ಬ್ಲೈಂಡ್ 100-200ಕ್ಕೆ ಏರಿ ನನ್ನ ಹತ್ತಿರ 1500 ಮಾತ್ರ ಉಳಿದಾಗ, ಯಾರೂ ಏರಿಸದಿದ್ದರೆ, ಅದೇ ಎಕ್ಕ-ಗುಲಾಮಕ್ಕೆ ನಾನೇ ಇದ್ದಬದ್ದದ್ದೆಲ್ಲ ತಳ್ಳುತ್ತೇನೆ.