ಕಾಡಿನ ಮಂದಿ ಮಳಿಗಾಲದಾಗ ಏನ್ ತಿಂತಾರ?

ಪ್ರಶ್ನೆ: ಸರ, ನಾ ಒಂದು ಕಾದಂಬರಿ ಬರ್ಯಾಕತ್ತೀನಿ, ಅದ್ರಾಗ ನಾನ ಹುಟ್ಟಿಸಿದ ಒಂದು ಕಾಡಿನ ಮಂದಿ ಅದಾರ. ಗಿಡದ ಮ್ಯಾಲ ಮನಿ, ಜೇನು ಹಣ್ಣು ಬಿಟ್ರ ಏನೂ ತಿನ್ನಂಗಿಲ್ಲ, ಸಾವಿರ ವರ್ಷದಿಂದ ಹೊರಗಿನವರ ಮುಖಾನೂ ನೋಡಿಲ್ಲ. ಗೆಳ್ಯಾರು ಓದಿ ಫೇಕ್ ಅನಸ್ತೈತಿ ಅಂದ್ರು. ಏನ್ ಮಾಡ್ಲಿ? – ಒಬ್ಬ ಓದುಗ, ಇಂಡಿ

ಉತ್ತರ: ಗೆಳ್ಯಾರು ಖರೇನ ಹೇಳ್ಯಾರ. ನಿಮ್ಮ ಕಾಡಿನಾಗ ಮಳಿನ ಆಗೂದಿಲ್ಲ ನೋಡ್ರಿ, ಬರದ ನಾಡು ಇಂಡಿಯವರು ಮಳಿ ಮರತ್ರ ಬೈಯಾಕೂ ಆಗಂಗಿಲ್ಲ ಬಿಡ್ರಿ. ಮಲಪ್ರಭಾ ಹುಟ್ಟೂ ಕಣಕುಂಬಿ ಕಡೆ ಜುಲೈದಾಗ ಒಮ್ಮೆ ಹೋಗ್ರಿ. ಮಳಿ ಹಿಡೀತಂದ್ರ ಹೆಜ್ಜೇನು ಕಾಡು ಬಿಟ್ಟು ಬಯಲ ಕಡೆ ವಲಸೆ ಹೋಗ್ತಾವ, ಆವಾಗ ನಿಮ್ಮ ಮಂದಿ ಕಳಲಿ (ಬಿದಿರಿನ ಎಳೆ ಮೊಳಕಿ), ಅಣಬಿ, ಹಳ್ಳದ ಏಡಿ, ಬ್ಯಾಸಗ್ಯಾಗ ಒಣಗಿಸಿಟ್ಟಿದ್ದು ತಿನ್ನಬೇಕು, ಆಮ್ಯಾಲ ಗೆಡ್ಡಿ ಗೆಣಸು. ಜೋಯಿಡಾದ ಕುಣಬಿ ಮಂದಿ ಗೆಡ್ಡಿ ಬೆಳಿಯೂದ್ರಾಗ ಎಷ್ಟು ಹೆಸರುವಾಸಿ ಅಂದ್ರ ಅಲ್ಲಿ ಅದಕ್ಕ ಮೇಳಾನ ನಡೀತೈತಿ. ನಮ್ಮ ಕಡೆ ಗಿಡದ ಮ್ಯಾಲ ಅಟ್ಟ ಕಟ್ಟೂದು ಹೆಚ್ಚಾಗಿ ರಾತ್ರಿ ಆನಿ ಹಂದಿಯಿಂದ ಬೆಳಿ ಕಾಯಾಕ, ಸಂಸಾರ ಮಾತ್ರ ನೆಲದ ಮ್ಯಾಲ, ಯಾಕಂದ್ರ ಒಲಿ ಬೇಕಲ್ಲ, ಒಲಿ ಹೊಗಿಗೆ ಬೀಜ ನೇತು ಹಾಕಿದ್ರ ಹುಳ ಬೀಳಂಗಿಲ್ಲ.

ಎಲ್ಲಕ್ಕಿಂತ ದೊಡ್ಡದು ಉಪ್ಪು. ಅದು ಹೊರಗಿಂದನ ಬರಬೇಕು, ಹಂಗಾಗಿ ಹೊರಗಿನವರನ್ನ ನೋಡಿಲ್ಲ ಅನ್ನೂದು ನಡ್ಯಂಗಿಲ್ಲ. ನಿಮ್ಮ ಜಿಲ್ಲಾದಾಗ ತಾಂಡಾ ಅದಾವಲ್ಲ, ಆ ಲಂಬಾಣಿ ಮಂದಿಯ ಹಿರ್ಯಾರು ರೈಲು ಬರೂ ಮುಂಚೆ ಎತ್ತಿನ ಹಿಂಡಿನ ಮ್ಯಾಲ ಉಪ್ಪು ಕಾಳು ಹೇರಿಕೊಂಡು ದೇಶಾನ ತಿರಗಿದವರು. ನಿಮ್ಮ ಕಥಿಯಾಗೂ ಅಂಥಾ ಒಂದು ಹಿಂಡು ವರ್ಷಕ್ಕೊಮ್ಮೆ ಕಾಡಿನ ಅಂಚಿಗೆ ಬರ್ಲಿ, ಜೇನು ಮೇಣ ಕೊಟ್ಟು ಉಪ್ಪು ತಗೊಳ್ಲಿ. ಅಲ್ಲಿ ಚೌಕಾಸಿ ಯಾರು ಮಾಡ್ತಾರ, ಸಾಲ ಯಾರ ತಲಿ ಮ್ಯಾಲ ಉಳೀತೈತಿ, ಯಾವ ಹುಡುಗಿ ಆ ಹಿಂಡಿನ ಹಿಂದ ಹೊಂಟು ಹೋಗ್ತೀನಿ ಅಂತಾಳ, ಇಷ್ಟು ಬರೀರಿ ಸಾಕು, ತಲಿಗೆ ಗರಿ ಸಿಗಿಸೂದು ಆಮ್ಯಾಲ ನೋಡೂಣಂತ.

ಪ್ರಶ್ನೆ: ಸೋಲಿಗರ ಹಾಡು, ದೇವರ ಹೆಸರು ಹಂಗ ಎತ್ತಿ ನನ್ನ ಕಥಿಯ ಮಂದಿಗೆ ಇಟ್ರ ನಡೀತೈತಾ? – ಓದುಗಿ, ಬೈಲಹೊಂಗಲ

ಉತ್ತರ: ಬ್ಯಾಡ್ರಿ ಅಕ್ಕಾರ. ಅವರು ಇವತ್ತೂ ಬಾಳೇ ಮಾಡೂ ಮಂದಿ, 2006ರ ಅರಣ್ಯ ಹಕ್ಕು ಕಾಯ್ದೆ ಹಿಡದು 2011ರಾಗ ಬಿಳಿಗಿರಿರಂಗನ ಬೆಟ್ಟದ ಹುಲಿ ಕಾಡಿನೊಳಗ ಸಮುದಾಯದ ಹಕ್ಕು ಪಡಕೊಂಡವರು. ಅವರ ವಿಚಾರ ಮಾಡೂ ರೀತಿ ಕಲೀರಿ. ಒಣ ತರಗಿಗೆ ಸಣ್ಣಾಗಿ ಬೆಂಕಿ ಹಚ್ಚಿ ದೊಡ್ಡ ಬೆಂಕಿ ಬರದಂಗ ನೋಡಿಕೊಳ್ತಿದ್ರು, ನೆಲ್ಲಿ ಗಿಡಕ್ಕ ಅದರ ರಸ ಹೀರೂ ಬಂದಣಿಕಿ ಹತ್ತೂದೂ ಕಡಿಮಿ ಆಗ್ತಿತ್ತು ಅಂತಾರ. ಅಂಥಾ ಒಂದು ಲೆಕ್ಕಾಚಾರ ನಿಮ್ಮ ಮಂದಿಗೂ ಇರ್ಲಿ, ದೇವರನ್ನ ಮಾತ್ರ ನೀವ ಹುಟ್ಟಸ್ರಿ.